ಯಂತ್ರದ ಕಣ್ಣಿಗೆ ನಮ್ಮ ಚರ್ಮವೂ ಬೀಳಬೇಕು

ಮೈಮೇಲಿನ ಮಚ್ಚೆಯನ್ನೋ ಹುಣ್ಣನ್ನೋ ಫೋನಿನಲ್ಲಿ ಚಿತ್ರ ತೆಗೆದರೆ ಸಾಕು, ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಗಣಕಯಂತ್ರವೇ ಹೇಳಿಬಿಡುತ್ತದೆ ಎಂಬ ಸುದ್ದಿ ಈಗ ಹೋಟೆಲು ಕಾರ್ಮಿಕರ ಕೋಣೆಗಳಿಗೂ ಬಂದು ಮುಟ್ಟಿದೆ. ನಮ್ಮ ಮಾಣಿ ಹುಡುಗರು ಕೆಲಸ ಬಿಟ್ಟು ಬಂದವರೇ ಮುಂಗೈಯ ಬೊಕ್ಕೆ, ಕಾಲಿನ ಕಲೆ, ಬೆನ್ನಿನ ಗುಳ್ಳೆ ಎಲ್ಲವನ್ನೂ ಫೋನಿಗೆ ತೋರಿಸಿ ತೀರ್ಪು ಕೇಳುತ್ತಿದ್ದಾರೆ. ಇದನ್ನು ಬಡವರ ಪಾಲಿನ ಧನ್ವಂತರಿಯೆಂದು ಹೊಗಳುವವರಿದ್ದಾರೆ. ಯಂತ್ರವೆಂದರೆ ಕೂಲಿಯವನ ಹೊಟ್ಟೆಯ ಮೇಲೆ ಹೊಡೆಯುವುದೇ ಎಂದು ಮುಖ ತಿರುಗಿಸುವ ಹಳಬರೂ ಇದ್ದಾರೆ. ಈ ಎರಡು ಪಕ್ಷದವರ ಜಗಳದಲ್ಲಿ ಸೇರುವ ಮೊದಲು ಒಂದು ಪ್ರಶ್ನೆ ಕೇಳಬೇಕಾಗಿದೆಯೆಂದು ನಮಗೆ ತೋರುತ್ತದೆ. ಈ ಯಂತ್ರ ಯಾರ ಚರ್ಮವನ್ನು ನೋಡಿ ಪಾಠ ಕಲಿತಿದೆ?

ಯಂತ್ರಕ್ಕೆ ಪಾಠವೇ ಎಂದು ನಗಬೇಡಿರಿ. ದೋಸೆ ಹಾಕುವುದನ್ನು ನಮ್ಮಲ್ಲಿ ಯಾರೂ ಪುಸ್ತಕ ಓದಿ ಕಲಿತವರಲ್ಲ. ಹೊಸ ಹುಡುಗ ಕಾವಲಿಯ ಪಕ್ಕದಲ್ಲಿ ನಿಂತು, ಸಾವಿರಾರು ದೋಸೆಗಳು ಬೇಯುವುದನ್ನು ನೋಡುತ್ತಾನೆ. ಇದು ಬೆಂದಿದೆ, ಇದು ಹಸಿ, ಇದು ಸೀದಿತು ಎಂದು ಭಟ್ಟರು ಗದರುತ್ತ ಹೇಳಿದ್ದೇ ಅವನ ವಿದ್ಯೆ. ಕೊನೆಗೆ ಅಂಚಿನ ಬಣ್ಣ ಕಂಡೊಡನೆ ಅವನ ಕೈಯೇ ತಿರುವುತ್ತದೆ. ಏಕೆ ತಿರುವಿದೆ ಎಂದು ಕೇಳಿದರೆ ಅವನಿಗೆ ಹೇಳಲು ಬಾರದು. ಗಣಕಯಂತ್ರ ಕಲಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಒಂದು ಚಿತ್ರವನ್ನು ಅದು ಲಕ್ಷಾಂತರ ಸಣ್ಣ ಚುಕ್ಕೆಗಳಾಗಿ ಒಡೆದು, ಒಂದೊಂದು ಚುಕ್ಕೆಯ ಬಣ್ಣವನ್ನೂ ಅಂಕಿಯಾಗಿ ಬರೆದುಕೊಳ್ಳುತ್ತದೆ. ವೈದ್ಯರು ಮೊದಲೇ ನಿರ್ಧಾರ ಹೇಳಿಟ್ಟ ಸಾವಿರಾರು ಚಿತ್ರಗಳನ್ನು ಅದಕ್ಕೆ ತೋರಿಸುತ್ತಾರೆ. ಅದು ಊಹಿಸುತ್ತದೆ, ತಪ್ಪುತ್ತದೆ, ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ತಿದ್ದಿ ತಿದ್ದಿ ಕೊನೆಗೆ ಹದ ಹಿಡಿಯುತ್ತದೆ. ಆದರೆ ನೀರುದೋಸೆಯನ್ನಷ್ಟೇ ನೋಡಿ ಕಲಿತ ಹುಡುಗನನ್ನು ಸೆಟ್ ದೋಸೆಯ ಕಾವಲಿಯ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದು ಹೋಟೆಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರದ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಪ್ರಯೋಗವನ್ನು ಪ್ರಕಟಿಸಿದರು. 2,032 ಬಗೆಯ ಚರ್ಮರೋಗಗಳ 1,29,450 ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿ, ಆಮೇಲೆ 21 ಮಂದಿ ಚರ್ಮವೈದ್ಯರ ಎದುರು ಪರೀಕ್ಷೆಗೆ ಕೂರಿಸಿದರು. ಕ್ಯಾನ್ಸರನ್ನು ಗುರುತಿಸುವುದರಲ್ಲಿ ಯಂತ್ರ ವೈದ್ಯರಿಗೆ ಸರಿಸಮನಾಗಿ ನಿಂತಿತು. ಅದೇ ಸ್ಟ್ಯಾನ್‌ಫರ್ಡಿನವರು ಮರುವರ್ಷ ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಬರೆದರು. ಸಂಶಯ ಬಂದ ಗಂಟಿನ ಅಳತೆ ತಿಳಿಯಲೆಂದು ವೈದ್ಯರು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯುವುದು ವಾಡಿಕೆ. ಯಂತ್ರವೋ, ಅಳತೆಪಟ್ಟಿ ಕಂಡಲ್ಲೆಲ್ಲ ಕ್ಯಾನ್ಸರ್ ಇರುವ ಸಂಭವ ಹೆಚ್ಚೆಂದು ತಿಳಿದುಕೊಂಡುಬಿಟ್ಟಿತ್ತು! ಗಿರಾಕಿಯ ಕೈಗಡಿಯಾರ ನೋಡಿ ಭಕ್ಷೀಸಿನ ಅಂದಾಜು ಹಾಕುವ ಮಾಣಿಯಂತೆ ಇದು. ಹಲವು ಸಲ ಸರಿಯಾಗುತ್ತದೆ, ಆದರೆ ನೋಡಬೇಕಾದದ್ದನ್ನು ನೋಡಿದ್ದಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಸಂಶೋಧಕರು ಬಹುವಾಗಿ ಬಳಸುವ ಒಂದು ಚಿತ್ರಸಂಗ್ರಹ 2018ರಲ್ಲಿ ಹೊರಬಂದಿತು. ಅದರಲ್ಲಿ 10,015 ಚಿತ್ರಗಳಿವೆ. ಆಸ್ಟ್ರಿಯಾದ ವಿಯೆನ್ನಾ ನಗರದಿಂದ ಕೆಲವು, ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಿಂದ ಕೆಲವು. ಬಿಸಿಲಿಗೆ ಕೆಂಪಾಗುವ ಬಿಳಿಯ ಚರ್ಮದವರ ದೇಶಗಳವು. 2022ರ ‘ಲ್ಯಾನ್ಸೆಟ್ ಡಿಜಿಟಲ್ ಹೆಲ್ತ್’ ಪತ್ರಿಕೆಯಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂತಹ 21 ಸಂಗ್ರಹಗಳ 1,06,950 ಚಿತ್ರಗಳ ಲೆಕ್ಕ ಒಪ್ಪಿಸಿದರು. ರೋಗಿಯ ಮೈಬಣ್ಣ ಇಂಥದು ಎಂದು ಬರೆದಿದ್ದ ಚಿತ್ರಗಳು 2,436 ಮಾತ್ರ. ಆ ಎರಡು ಸಾವಿರ ಚಿಲ್ಲರೆಯಲ್ಲಿ ಕಂದು ಚರ್ಮದವು ಹತ್ತು. ಕಡುಕಂದು ಅಥವಾ ಕಪ್ಪು ಚರ್ಮದ್ದು ಒಂದು. ಒಂದೇ ಒಂದು! ರೋಗಿಯ ಜನಾಂಗವನ್ನು ಬರೆದಿಟ್ಟಿದ್ದ 1,585 ಚಿತ್ರಗಳಲ್ಲಿ ಆಫ್ರಿಕದ ಮೂಲದವರಾಗಲಿ, ಭಾರತ ಮತ್ತು ಅದರ ನೆರೆಹೊರೆಯವರಾಗಲಿ ಒಬ್ಬರೂ ಇರಲಿಲ್ಲ. ನಮ್ಮ ದೇಶದಲ್ಲಿ ನೂರು ಕೋಟಿಗೂ ಮೀರಿ ಜನರಿದ್ದೇವೆ. ಯಂತ್ರದ ಪಾಠಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ.

ಇದರ ಪರಿಣಾಮವನ್ನೂ ಅಳೆದು ನೋಡಿದವರಿದ್ದಾರೆ. ಸ್ಟ್ಯಾನ್‌ಫರ್ಡಿನವರೇ 2022ರಲ್ಲಿ ಬಿಳಿ, ಕಂದು, ಕಪ್ಪು ಎಲ್ಲ ಬಣ್ಣದ ಚರ್ಮದ 656 ಚಿತ್ರಗಳನ್ನು, ಸೂಜಿ ಕತ್ತರಿ ಹಾಕಿ ಪರೀಕ್ಷಿಸಿ ರೋಗ ಖಚಿತವಾದವನ್ನೇ ಆರಿಸಿ, ಹೆಸರಾದ ಮೂರು ಯಂತ್ರವಿಧಾನಗಳಿಗೆ ತೋರಿಸಿದರು. ಕಪ್ಪು ಚರ್ಮದ ಮುಂದೆ ಮೂರೂ ಮುಗ್ಗರಿಸಿದವು. ಆದರೆ ಅದೇ ವರದಿಯ ಇನ್ನೊಂದು ಭಾಗವೇ ನಮಗೆ ಮುಖ್ಯವಾದದ್ದು. ಅಂತಹ ಬಗೆಬಗೆಯ ಚರ್ಮದ ಚಿತ್ರಗಳನ್ನು ಕೊಟ್ಟು ಪುನಃ ಪಾಠ ಹೇಳಿದಾಗ ಬಿಳಿ ಕಪ್ಪುಗಳ ನಡುವಿನ ಆ ಅಂತರ ಮುಚ್ಚಿಕೊಂಡಿತು. ಕೊರತೆ ಯಂತ್ರದ ಹಣೆಬರಹದಲ್ಲಿಲ್ಲ, ಅದಕ್ಕೆ ತೋರಿಸಿದ ಚಿತ್ರಗಳಲ್ಲಿದೆ.

ಕಪ್ಪು ಮೈಯವರಿಗೆ ಚರ್ಮದ ಕ್ಯಾನ್ಸರೇ ಬಾರದು ಎಂಬ ಮಾತನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ. ಕಡಿಮೆ ಎಂಬುದು ನಿಜ. ಚರ್ಮದ ಕಪ್ಪು ಬಿಸಿಲಿನ ಕೆಡುಕನ್ನು ತಡೆಯುತ್ತದೆ. ಬಾರದು ಎಂಬುದು ಸುಳ್ಳು. ಬಿಳಿಯರಿಗೆ ಮುಖ, ಕತ್ತು, ತೋಳು, ಬೆನ್ನು ಎಂದು ಬಿಸಿಲು ತಾಗಿದಲ್ಲಿ ಬರುವುದು ಹೆಚ್ಚು. ನಮ್ಮಂಥವರಿಗೆ ಬರುವ ಜಾಗಗಳೇ ಬೇರೆ: ಹಳೆಯ ಸುಟ್ಟ ಗಾಯದ ಕಲೆ, ವರ್ಷಗಟ್ಟಲೆ ಮಾಯದೆ ಉಳಿದ ಹುಣ್ಣು, ಅಂಗಾಲು, ಅಂಗೈ, ಉಗುರಿನ ಅಡಿ. ನಮ್ಮ ಹುಡುಗರ ಬನಿಯನ್ನುಗಳ ಮೇಲೆ ಜಡೆಗಟ್ಟಿದ ಕೂದಲಿನ ಜಮೈಕಾದ ಹಾಡುಗಾರನ ಮುಖವಿರುತ್ತದಲ್ಲ, ಆ ಬಾಬ್ ಮಾರ್ಲಿ 1981ರಲ್ಲಿ 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಅಡಿಯಲ್ಲಿ ಹುಟ್ಟಿದ ಚರ್ಮದ ಕ್ಯಾನ್ಸರಿನಿಂದ.

ಸುಟ್ಟ ಗಾಯದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಏಕೆಂದರೆ ಇದು ನಮ್ಮ ಕಸುಬಿನ ಗಾಯ. ಹತ್ತು ವರ್ಷ ಕಾವಲಿಯ ಮುಂದೆ ನಿಂತವನ ಮುಂಗೈ, ವಡೆಯ ಬಾಣಲೆಯ ಮುಂದೆ ನಿಂತವನ ಎದೆ, ಸಾಂಬಾರಿನ ಅಂಡೆ ಹೊರುವವನ ಪಾದ ನೋಡಿರಿ. ಸುಟ್ಟಾಗ ನಾವು ಮಾಡುವುದೇನು? ಹಲ್ಲುಜ್ಜುವ ಪೇಸ್ಟು ಬಳಿಯುತ್ತೇವೆ, ಇಲ್ಲವೆ ಕಾಫಿಪುಡಿ ಉದುರಿಸುತ್ತೇವೆ, ಮರುದಿನ ಅದೇ ಕೈಯಲ್ಲಿ ಕೆಲಸಕ್ಕೆ ನಿಲ್ಲುತ್ತೇವೆ. ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಕೈ ಹಿಡಿಯಬೇಕು ಎಂಬುದು ವೈದ್ಯರ ಮಾತು. ಊಟದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಬಿಡುವ ಯಜಮಾನರು ಎಷ್ಟು ಮಂದಿ? ಸರಿಯಾಗಿ ಮಾಯದೆ ಬಿಗಿದುಕೊಂಡ ಇಂತಹ ಕಲೆಗಳಲ್ಲಿ, ಎಲ್ಲವಲ್ಲದಿದ್ದರೂ ಕೆಲವು, ಎಷ್ಟೋ ವರ್ಷದ ಮೇಲೆ ಒಡೆದು ಹುಣ್ಣಾಗಿ ಕ್ಯಾನ್ಸರಾಗುತ್ತವೆ. 1828ರಲ್ಲಿ ಗಾಯದ ಕಲೆಗಳ ಮೇಲಿನ ಹುಣ್ಣುಗಳ ಬಗ್ಗೆ ಬರೆದ ಫ್ರಾನ್ಸಿನ ಶಸ್ತ್ರವೈದ್ಯನ ಹೆಸರಿನಿಂದ ಇದನ್ನು ‘ಮಾರ್ಜೊಲಿನ್ ಹುಣ್ಣು’ ಎನ್ನುತ್ತಾರೆ. ಕಾಶ್ಮೀರದಲ್ಲಿ ಚಳಿಗೆಂದು ನಿಲುವಂಗಿಯ ಒಳಗೆ ಕೆಂಡದ ಕಾಂಗ್ಡಿ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಗಳ ಮೇಲೆ ಬರುವ ಕ್ಯಾನ್ಸರೂ ಕಾವಿನಿಂದಲೇ ಹುಟ್ಟುವಂಥದು.

ಸುಟ್ಟ ದಿನದಿಂದ ಕ್ಯಾನ್ಸರಾಗುವವರೆಗೆ ಅನೇಕರಲ್ಲಿ ಮೂವತ್ತು ವರ್ಷವಾದರೂ ಕಳೆಯುತ್ತದೆ. ಇದರ ಅರ್ಥವನ್ನು ಯೋಚಿಸಿರಿ. ಇಪ್ಪತ್ತೈದರ ವಯಸ್ಸಿನಲ್ಲಿ ಮದ್ರಾಸಿನ ಹೋಟೆಲಿನಲ್ಲಿ ತೊಡೆಯ ಮೇಲೆ ಎಣ್ಣೆ ಚೆಲ್ಲಿಕೊಂಡವನು, ಐವತ್ತೈದಕ್ಕೆ ಕೆಲಸ ಬಿಟ್ಟು ಕುಂದಾಪುರದ ಕಡೆಗೋ ಹಾಸನದ ಕಡೆಗೋ ಊರು ಸೇರಿದ ಮೇಲೆ ಹುಣ್ಣು ಏಳುತ್ತದೆ. ಆಗ ಇ.ಎಸ್.ಐ. ಕಾರ್ಡು ಸತ್ತಿರುತ್ತದೆ. ಹೋಟೆಲು ಕೈ ಬದಲಾಗಿರುತ್ತದೆ, ಇಲ್ಲವೆ ಮುಚ್ಚಿರುತ್ತದೆ. ಆ ಹುಣ್ಣಿಗೂ ಈ ಕೆಲಸಕ್ಕೂ ಸಂಬಂಧವಿದೆಯೆಂದು ಹೇಳುವ ಒಂದು ಚೂರು ಕಾಗದವೂ ಇರುವುದಿಲ್ಲ. ಆದ್ದರಿಂದಲೇ ಸಂಘದ ಸದಸ್ಯರಿಗೆ ನಮ್ಮ ಮೊದಲ ಮಾತು ಇದು: ಎಷ್ಟೇ ಸಣ್ಣದಿರಲಿ, ಬೊಕ್ಕೆ ಬಂದ ಪ್ರತಿಯೊಂದು ಸುಟ್ಟ ಗಾಯವನ್ನೂ ಅಪಘಾತದ ಪುಸ್ತಕದಲ್ಲಿ ಬರೆಯಿಸಿರಿ. ಬರೆಯಲೊಪ್ಪದ ಹೋಟೆಲಿನ ವಿಷಯ ಸಂಘಕ್ಕೆ ತಿಳಿಸಿರಿ. ಗಾಯದ ಚಿತ್ರವನ್ನು ತಾರೀಖು ಸಮೇತ ಫೋನಿನಲ್ಲಿ ತೆಗೆದಿಡಿರಿ. ಫೋನಿನಿಂದ ಈಗಲೇ ಆಗುವ ಉಪಕಾರವಿದು. ಇದಕ್ಕೆ ಬುದ್ಧಿವಂತ ಯಂತ್ರ ಬೇಕಾಗಿಲ್ಲ.

ಮಿಲ್ಲಿನ ಬಂಧುಗಳ ಕಥೆಯೂ ಇದರಲ್ಲಿದೆ. ಇಂಗ್ಲೆಂಡಿನ ಲ್ಯಾಂಕಷೈರಿನ ಹತ್ತಿ ಗಿರಣಿಗಳಲ್ಲಿ ‘ಮ್ಯೂಲ್’ ಎಂಬ ನೂಲುವ ಯಂತ್ರದ ಮೇಲೆ ಬಾಗಿ ಕೆಲಸ ಮಾಡುತ್ತಿದ್ದವರ ಷರಾಯಿಗೆ ಕದಿರುಗಳ ಖನಿಜ ತೈಲ ಸಿಡಿದು ತೊಡೆಸಂದಿಯಲ್ಲಿ ನೆನೆಯುತ್ತಿತ್ತು. ಅಲ್ಲಿಯೇ ಚರ್ಮದ ಕ್ಯಾನ್ಸರ್ ಏಳುತ್ತಿತ್ತು. ತೋರಿಸಲು ನಾಚಿಕೆ, ತೋರಿಸುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಮ್ಯಾಂಚೆಸ್ಟರಿನ ವೈದ್ಯರು 1922ರಲ್ಲಿ ಈ ರೋಗವನ್ನು ಕಸುಬಿಗೆ ಜೋಡಿಸಿ ಬರೆದರು. ಎಣ್ಣೆ ಬದಲಾಯಿಸಬೇಕು, ನೂಲುವವರನ್ನು ವೈದ್ಯರು ನಿಯತವಾಗಿ ಪರೀಕ್ಷಿಸಬೇಕು ಎಂಬ ನಿಯಮ ಬಂದದ್ದು 1953ರಲ್ಲಿ. ನಡುವಿನ ಮೂವತ್ತು ವರ್ಷಗಳಲ್ಲಿ ನೂರಾರು ಮಂದಿ ಸತ್ತರು. ಪೆರಂಬೂರಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲು 1996ರಲ್ಲಿ ಮುಚ್ಚಿತು. ಆದರೂ ಎಣ್ಣೆ ಹಾಕುವವರಾಗಿ, ಫಿಟ್ಟರುಗಳಾಗಿ ದುಡಿದ ಮೈಗಳು ಈ ನಗರದಲ್ಲಿ ಇನ್ನೂ ಇವೆ. ಅವರು ತಿಳಿದಿರಬೇಕಾದ ಸಂಗತಿಯೊಂದುಂಟು. ಡಾಂಬರು, ಕೀಲೆಣ್ಣೆ, ಖನಿಜ ತೈಲಗಳಿಂದ ಬರುವ ಚರ್ಮದ ಕ್ಯಾನ್ಸರ್ 1923ರ ಪರಿಹಾರ ಕಾಯಿದೆಯ ಕಸುಬಿನ ರೋಗಗಳ ಪಟ್ಟಿಯಲ್ಲಿ ಸೇರಿತ್ತು. 2020ರ ಸಾಮಾಜಿಕ ಸುರಕ್ಷಾ ಸಂಹಿತೆಯ ಪಟ್ಟಿಯಲ್ಲೂ ಇದೆ. ಸುಟ್ಟ ಕಲೆಯ ಕ್ಯಾನ್ಸರನ್ನೂ ಹಾಗೆಯೇ ಹೆಸರಿಸಿ ಸೇರಿಸಬೇಕೆಂದು ಹೋಟೆಲು ಕಾರ್ಮಿಕರು ಕೇಳಿದರೆ ಅದು ಅತಿಯಾಸೆಯಾಗಲಾರದು.

ಹಾಗಾದರೆ ಬಿಳಿಯರ ಯಂತ್ರವೆಂದು ಇದನ್ನು ದೂರ ಇಡೋಣವೇ? ಕೂಡದು. ನಮ್ಮವರಿಂದಲೇ ಪಾಠ ಕಲಿತ ಯಂತ್ರ ಏನು ಮಾಡಬಲ್ಲದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ಅಲ್ಲಿನ ಮಜುಂದಾರ್ ಷಾ ವೈದ್ಯಕೀಯ ಕೇಂದ್ರದವರೂ ಕೆ.ಎಲ್.ಇ. ಸೊಸೈಟಿಯ ದಂತವೈದ್ಯಕೀಯ ಸಂಸ್ಥೆಯವರೂ ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದವರೊಡನೆ ಸೇರಿ ಬಾಯಿಯ ಕ್ಯಾನ್ಸರನ್ನು ಮೊದಲೇ ಹಿಡಿಯುವ ಫೋನಿನ ಸಲಕರಣೆಯೊಂದನ್ನು ಕಟ್ಟಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಫೋನಿಗೆ ಕಿರಿದಾದ ಕ್ಯಾಮರಾ ಜೋಡಿಸಿ, ಸಾಧಾರಣ ಬೆಳಕಿನಲ್ಲಿ ಒಂದು, ನೇರಳೆ ಬೆಳಕಿನಲ್ಲಿ ಒಂದು ಚಿತ್ರ ತೆಗೆಯುತ್ತಾರೆ. ನೇರಳೆ ಬೆಳಕಿನಲ್ಲಿ ಆರೋಗ್ಯದ ಮಾಂಸ ಮಿನುಗುತ್ತದೆ, ಕೆಟ್ಟ ಭಾಗ ಮಂಕಾಗುತ್ತದೆ. ಆರೋಗ್ಯ ಕಾರ್ಯಕರ್ತೆಯೇ ಚಿತ್ರ ತೆಗೆಯಬಹುದು. ದೂರದಲ್ಲಿರುವ ತಜ್ಞರೂ ನೋಡುತ್ತಾರೆ, ಯಂತ್ರವೂ ನೋಡುತ್ತದೆ. ತಜ್ಞರ ತೀರ್ಪಿನ ಜತೆ ಹೋಲಿಸಿದಾಗ ಯಂತ್ರದ ತೀರ್ಪು ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟು ಸರಿಬಂದಿತು. ಆ ಯಂತ್ರಕ್ಕೆ ತೋರಿಸಿದ ಬಾಯಿಗಳು ನಮ್ಮ ದೇಶದವರ ಬಾಯಿಗಳು, ಹೊಗೆಸೊಪ್ಪು ಗುಟಕಾ ಕಂಡ ಬಾಯಿಗಳು. (ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದಿರಲೆಂದು ಹೊಗೆಸೊಪ್ಪು ಒತ್ತಿಕೊಳ್ಳುವ ಗ್ರೈಂಡರಿನ ಬಂಧುಗಳು ಇದನ್ನು ಎರಡು ಸಲ ಓದಿಕೊಳ್ಳಲಿ.) ಬಾಯಿಗೆ ಆದದ್ದು ಚರ್ಮಕ್ಕೂ ಆಗಬಾರದೇಕೆ?

ಚೆನ್ನೈ ಇದಕ್ಕೆ ತಕ್ಕ ಊರು. ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಹಟ ಹಿಡಿದು 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದಾಗ ಇದ್ದದ್ದು ಹನ್ನೆರಡು ಹಾಸಿಗೆ. ಕ್ಯಾನ್ಸರ್ ಎಂದರೆ ಸಾವೇ ಎಂದು ಜನ ಕೈಚೆಲ್ಲುತ್ತಿದ್ದ ಕಾಲವದು. 2021ರಲ್ಲಿ ತೀರಿಕೊಂಡ ಡಾಕ್ಟರ್ ಶಾಂತಾ ಅವರು ತಮ್ಮ ಆಯುಷ್ಯವನ್ನೇ ಅಲ್ಲಿ ಸವೆಸಿದರು. ತಮಿಳುನಾಡು ಸರ್ಕಾರವೂ 2021ರ ಆಗಸ್ಟಿನಲ್ಲಿ, ನಮ್ಮ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯಿಂದಲೇ ಆರಂಭಿಸಿ, ರಕ್ತದೊತ್ತಡ ಸಕ್ಕರೆರೋಗಗಳ ಪರೀಕ್ಷೆಯನ್ನೂ ಔಷಧವನ್ನೂ ಜನರ ಮನೆಬಾಗಿಲಿಗೆ ಒಯ್ಯುವ ಯೋಜನೆ ತಂದಿತು. 2024ರಲ್ಲಿ ಅದನ್ನು ಕಾರ್ಖಾನೆಗಳಿಗೂ ವಿಸ್ತರಿಸಿತು. ಹೋಟೆಲಿನ ಅಡಿಗೆಮನೆಯೂ ದುಡಿಮೆಯ ಸ್ಥಳವೇ ಅಲ್ಲವೇ? ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವ ಕಾರ್ಯಕರ್ತೆಯೇ ಅಂಗಾಲು, ಉಗುರು, ಹಳೆಯ ಕಲೆ, ಬಾಯಿ ಇಷ್ಟನ್ನೂ ನೋಡಿ ಚಿತ್ರ ತೆಗೆದು ಕಳುಹಿಸಬಹುದು. ಸಾವಿರಾರು ದುಡಿಯುವ ಮೈಗಳ ಚಿತ್ರ ಸೇರಿದರೆ ಯಂತ್ರ ನಮ್ಮ ಚರ್ಮವನ್ನು ಓದಲು ಕಲಿಯುತ್ತದೆ. ಇದಕ್ಕಾಗಿ ನಮ್ಮ ಸಂಘವೂ ಇತರ ಕಾರ್ಮಿಕ ಸಂಘಗಳೂ ಒಟ್ಟಾಗಿ ಸರ್ಕಾರವನ್ನು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಚಿತ್ರ ಕೊಡುವ ಮೊದಲು ಕರಾರು ಇರಬೇಕು. ನಮ್ಮ ಮೈಯ ಚಿತ್ರ ಯಾವನೋ ವ್ಯಾಪಾರಿಯ ಪೆಟ್ಟಿಗೆ ಸೇರಿ, ಅವನು ಅದರಿಂದ ಯಂತ್ರ ತಯಾರಿಸಿ ನಮಗೇ ಬೆಲೆಗೆ ಮಾರುವಂತಾಗಬಾರದು. ಯಂತ್ರದ ತೀರ್ಪು ರೋಗಿಗೂ ವೈದ್ಯರಿಗೂ ತಿಳಿಯಬೇಕು, ಯಜಮಾನರ ಗಲ್ಲಾಪೆಟ್ಟಿಗೆಯ ತನಕ ಹೋಗಕೂಡದು. ಕೈಮೇಲೆ ಬಿಳಿಯ ಮಚ್ಚೆ ಎದ್ದಿತೆಂಬ ಮಾತ್ರಕ್ಕೆ, ಗಿರಾಕಿಗಳು ಹೇಸುತ್ತಾರೆ ಎಂದು ಬಡಿಸುವವನನ್ನು ಪಾತ್ರೆ ತೊಳೆಯಲು ಕಳಿಸಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಚರ್ಮದ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲವೆಂದು ಅಂಥವರಿಗೆ ಯಾರು ತಿಳಿಸಿ ಹೇಳಬೇಕು? ವ್ಯಕ್ತಿಗತ ದತ್ತಾಂಶಗಳ ರಕ್ಷಣೆಗೆ ಪಾರ್ಲಿಮೆಂಟು 2023ರಲ್ಲಿ ಮಾಡಿದ ಕಾಯಿದೆಯಲ್ಲಿ, ಒಪ್ಪಿಗೆ ಕೇಳುವ ಕಾಗದವನ್ನು ಸಂವಿಧಾನದ ಎಂಟನೆಯ ಪರಿಶಿಷ್ಟದ ಯಾವ ಭಾಷೆಯಲ್ಲಾದರೂ ಓದುವ ಅವಕಾಶವಿರಬೇಕೆಂದು ಬರೆದಿದೆ. ಕನ್ನಡ ಆ ಪಟ್ಟಿಯಲ್ಲಿದೆ. ಆದುದರಿಂದ ಕನ್ನಡದಲ್ಲಿ ಕಾಗದ ಕೊಡದೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬಹುದು.

ಅಲ್ಲಿಯವರೆಗೆ ಏನು ಮಾಡುವುದು? ಈಗಿರುವ ಫೋನು ಹೆದರಬೇಡ ಎಂದರೆ ಅದನ್ನು ನಂಬಿ ಸುಮ್ಮನಿರಬೇಡಿರಿ. ಹೆದರು ಎಂದರೂ ಅಲ್ಲಿಗೇ ಎದೆಗುಂದಬೇಡಿರಿ. ಯಾವ ಚಿತ್ರವೂ ಕಡೆಯ ತೀರ್ಪಲ್ಲ; ಸಂಶಯದ ಭಾಗದಿಂದ ಚೂರು ಚರ್ಮ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ವೈದ್ಯರು ಹೌದು ಅಲ್ಲ ಎನ್ನುತ್ತಾರೆ. ಹಳೆಯ ಕಲೆಯಲ್ಲಿ ಎದ್ದ ಹುಣ್ಣು ನಾಲ್ಕು ವಾರವಾದರೂ ಮಾಯದಿದ್ದರೆ, ಅಂಚು ದಪ್ಪಗಾಗಿ ಎದ್ದು ನಿಂತಿದ್ದರೆ, ಮುಟ್ಟಿದರೆ ರಕ್ತ ಒಸರಿದರೆ, ದುರ್ವಾಸನೆ ಬಂದರೆ ತಡಮಾಡಬಾರದು. ಅಂಗಾಲಿನಲ್ಲಿ ಹೊಸದಾಗಿ ಕಪ್ಪು ಮಚ್ಚೆ ಎದ್ದು ಹರಡುತ್ತಿದ್ದರೂ ಹಾಗೆಯೇ. ಉಗುರಿನ ಕಪ್ಪು ಗೆರೆ ನಮ್ಮ ಬಣ್ಣದವರಲ್ಲಿ ಹಲವರಿಗೆ ಸಹಜವಾಗಿಯೇ ಇರುತ್ತದೆ, ಅದಕ್ಕೆ ಬೆದರಬೇಕಾಗಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಹುಟ್ಟಿ ಅಗಲವಾಗುತ್ತ ಹೋಗುವ ಗೆರೆಯನ್ನು ಮಾತ್ರ ತೋರಿಸಲೇಬೇಕು. ದಿನವಿಡೀ ಒದ್ದೆ ನೆಲದಲ್ಲಿ ನಿಂತು ಬೆರಳಸಂದು ಕೊಳೆಯುವವರು ಎಲ್ಲವನ್ನೂ ನೀರುಹುಣ್ಣೆಂದು ತಳ್ಳಿಹಾಕುವುದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಚರ್ಮದಲ್ಲಷ್ಟೇ ಇರುವಾಗ ಕತ್ತರಿಸಿ ತೆಗೆದರೆ ಬಹುಪಾಲು ಗುಣವಾಗುವ ರೋಗವಿದು. ಗಜ್ಜುಗಳಿಗೆ ಇಳಿದ ಮೇಲೆ ಮಾತು ಬೇರೆ.

ಕೊನೆಗೆ ಹೊತ್ತಿನ ಪ್ರಶ್ನೆಯೊಂದುಂಟು. ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗ ನಡೆಯುವುದು ಬೆಳಗಿನ ಹೊತ್ತು. ಇಡ್ಲಿ ಇಳಿಸಿ, ತಿಂಡಿ ಮುಗಿಸಿ, ಊಟದ ಅಂಡೆ ಏರಿಸುವ ಹೊತ್ತೂ ಅದೇ. ಹೋಟೆಲು ಕಾರ್ಮಿಕನಿಗೆ ಉಸಿರು ಬಿಡಲು ಸಿಗುವುದು ಮಧ್ಯಾಹ್ನ ಮೂರರಿಂದ ಐದು. ಆಗ ಹೊರರೋಗಿಗಳ ಚೀಟಿ ಕೊಡುವ ಕಿಟಕಿ ಮುಚ್ಚಿರುತ್ತದೆ. ಒಂದು ದಿನದ ಸಂಬಳ ಕಳೆದುಕೊಂಡು ಅಂಗಾಲಿನ ಮಚ್ಚೆ ತೋರಿಸಲು ಹೋಗುವವರು ಎಷ್ಟು ಮಂದಿಯಿದ್ದಾರು? ಆದುದರಿಂದ ಯಂತ್ರ ಬರಲಿ, ಬಾರದಿರಲಿ, ವಾರಕ್ಕೆ ಒಂದು ದಿನವಾದರೂ ಮಧ್ಯಾಹ್ನ ಮೂರರಿಂದ ಐದರವರೆಗೆ ಚರ್ಮ ಮತ್ತು ಬಾಯಿಯ ಪರೀಕ್ಷೆ ನಡೆಸಬೇಕೆಂದು ಇ.ಎಸ್.ಐ. ಚಿಕಿತ್ಸಾಲಯಗಳನ್ನು ಕೇಳುವ ಅರ್ಜಿಯೊಂದನ್ನು ಬರೆಯುತ್ತಿದ್ದೇವೆ. ರುಜು ಹಾಕುವವರು ಬರುವಾಗ ತಮ್ಮ ಇ.ಎಸ್.ಐ. ಸಂಖ್ಯೆಯನ್ನೂ ಕೆಲಸದಲ್ಲಿ ಸುಟ್ಟುಕೊಂಡ ವರ್ಷವನ್ನೂ ಗುರುತು ಹಾಕಿಕೊಂಡು ಬರಬೇಕೆಂದು ಕೋರುತ್ತೇವೆ.